ಸಲೋಮಾಳ ಇಸ್ತ್ರಿ, ಎಲ್ಮಿನಾಳ ನಕ್ಷತ್ರ

ಸಲೋಮಾ ಕೈಮ್ ಹೊಲಿಗೆಯಲ್ಲಿ ದಡ್ಡಿ. ಇದನ್ನು ಮೊದಲೇ ಹೇಳಿಬಿಡುವುದು ವಾಸಿ, ಯಾಕೆಂದರೆ ಅವಳೂ ಸಿಕ್ಕವರಿಗೆಲ್ಲ ಮೊದಲು ಹೇಳುತ್ತಿದ್ದದ್ದು ಅದನ್ನೇ. "ನಂಗೂ ಸೂಜಿಗೂ ಮಾತು ಬಿಟ್ಟು ಎಷ್ಟೋ ಕಾಲ ಆಯ್ತು ಕಣ್ರೇ" ಅಂದು, ಕೇಳಿದವರು ನಗುವ ಮೊದಲೇ ತಾನೇ ಗಹಗಹಿಸಿಬಿಡುವಳು. ಅಮೆರಿಕದ ಓಹಾಯೋದ ಗುಡ್ಡಗಳ ನಡುವೆ, ಕರೆಂಟು ಕಾರು ಬೇಡವೆಂದು ಹಳೆಯ ಕ್ರೈಸ್ತ ಕಟ್ಟಳೆಯಲ್ಲೇ ಬದುಕುವ ಆಮಿಶ್ ಪಂಗಡದ ಹೆಂಗಸೊಬ್ಬಳು ಹೀಗೆ ಹೇಳಿಕೊಂಡು ತಿರುಗುವುದೆಂದರೆ, ಬೆಸ್ತನೊಬ್ಬ ನನಗೆ ನೀರು ಕಂಡರಾಗದು ಎಂದ ಹಾಗೆ. ಅಲ್ಲಿ ಜೋಳದ ಹೊಲ ಖಾಲಿಯಾಯಿತೋ ಇಲ್ಲವೋ, ಇವತ್ತು ಇವರ ಮನೆ, ನಾಳೆ ಅವರ ಮನೆ ಎಂದು ಹೆಂಗಸರೆಲ್ಲ ಕುದುರೆಗಾಡಿ ಕಟ್ಟಿಕೊಂಡು ಕೌದಿ ಹೊಲಿಯಲು ಹೊರಡುತ್ತಾರೆ. ಉದ್ದದ ಚೌಕಟ್ಟಿಗೆ ಬಟ್ಟೆ ಬಿಗಿದು, ಸುತ್ತ ಕೂತು, ಊರಿನ ಸುದ್ದಿಯನ್ನೆಲ್ಲ ಅದರೊಳಗೆ ಸೇರಿಸಿ ಹೊಲಿದುಬಿಡುತ್ತಾರೆ. ಅವರ ಹೊಲಿಗೆ ಸಾಸಿವೆ ಸಾಲಿಟ್ಟಂತೆ. ಸಲೋಮಾಳದ್ದು ಕುಂಬಳಬೀಜ.

ಅಡುಗೆಯಲ್ಲಾದರೂ ಜಾಣೆಯೋ ಎಂದರೆ, ಅವಳ ಸೇಬಿನ ಕಡುಬನ್ನು ಗಂಡ ಎಮೆರಿಯೊಬ್ಬನೇ ತಿನ್ನುತ್ತಿದ್ದ, ಅವನೂ ಕಾಫಿಯಲ್ಲಿ ಅದ್ದಿಕೊಂಡು. ಆದರೆ ಕೈಗೆ ಇಸ್ತ್ರಿ ಬಂದರೆ ಅವಳೇ ಮಹಾರಾಣಿ. ಕೌದಿಯ ಮೇಲ್ಬಟ್ಟೆ ಎಂದರೆ ಸಣ್ಣ ಸಣ್ಣ ತುಂಡುಗಳ ಜೋಡಣೆ ತಾನೇ? ಎರಡು ತುಂಡು ಸೇರಿಸಿ ಹೊಲಿದಾಗಲೆಲ್ಲ ಹಿಂದುಗಡೆ ಎರಡು ಅಂಚು ಮಿಗುತ್ತವೆ. ಆ ಅಂಚುಗಳು ಯಾವ ಕಡೆ ಮಲಗಬೇಕು, ಹೇಗೆ ಮಲಗಬೇಕು ಎನ್ನುವುದು ಸಲೋಮಾಳ ರಾಜ್ಯ. ಯಾರ ಮನೆಯಲ್ಲಿ ಹೊಸ ಕೌದಿ ಶುರುವಾದರೂ ಅವಳಿಗೆ ಕರೆ ಬರುತ್ತಿತ್ತು. ಅಡುಗೆಮನೆಯ ಒಲೆಯ ಮೇಲೆ ಕಬ್ಬಿಣದ ಇಸ್ತ್ರಿಗಳನ್ನು ಸಾಲಾಗಿ ಕಾಯಲಿಟ್ಟು, ಒಂದು ತಣ್ಣಗಾದರೆ ಇನ್ನೊಂದನ್ನು ಎತ್ತಿಕೊಂಡು, ಬೆರಳು ಒದ್ದೆ ಮಾಡಿ ಚುಂಯ್ ಅನ್ನಿಸಿ ನೋಡಿ, ಹೊಸದಾಗಿ ಮದುವೆಯಾಗಿ ಬಂದ ಹುಡುಗಿಯರಿಗೆಲ್ಲ ಪಾಠ ಶುರು ಮಾಡುವಳು.

"ಅಯ್ಯೋ, ಉಜ್ಜಬೇಡ್ವೇ! ಅದೇನು ನಿನ್ನ ಗಂಡನ ಪ್ಯಾಂಟಾ? ಇಡು, ಒತ್ತು, ಎತ್ತು. ಉಜ್ಜಿದ್ರೆ ಬಟ್ಟೆ ಇಸ್ತ್ರಿ ಹಿಂದೇನೇ ಎಳ್ಕೊಂಡು ಹೋಗಿ ಸೊಟ್ಟ ಆಗುತ್ತೆ."

"ಎರಡಂಚನ್ನೂ ಬಿಡಿಸಿ ಆ ಕಡೆ ಒಂದು ಈ ಕಡೆ ಒಂದು ಮಲಗಿಸಬಾರದಾ ಚಿಕ್ಕಮ್ಮ? ನಮ್ಮಮ್ಮ ಹಂಗೇ ಮಾಡ್ತಾಳೆ."

"ನಿಮ್ಮಮ್ಮ ಅಂಗಿ ಹೊಲಿಯೋವಾಗ ಮಾಡ್ಲಿ, ಬೇಡ ಅಂದೋರ್ಯಾರು. ಕೌದೀಲಿ ಹಂಗೆ ಬಿಡಿಸಿದ್ರೆ ನಡುವೆ ಉಳಿಯೋದು ಬರೀ ದಾರ. ಸಂದೀಲಿ ಹತ್ತಿ ಇಣುಕುತ್ತೆ. ಎರಡಂಚೂ ಒಂದೇ ಕಡೆ ಮಲಗಬೇಕು. ಯಾವ ಕಡೆ?"

"ಕಡುಬಣ್ಣದ ಕಡೆ!" ಎಂದು ಪಕ್ಕದ ಕೋಣೆಯಿಂದ ಹೆಂಗಸರೆಲ್ಲ ಒಟ್ಟಿಗೆ ಕೂಗುವರು, ಭಾನುವಾರ ಪ್ರಾರ್ಥನಾಸಭೆಯಲ್ಲಿ ಹಾಡು ಎತ್ತಿದ ಹಾಗೆ.

ತಿಳಿಬಣ್ಣದ ಕೆಳಗೆ ಕಡುಬಣ್ಣದ ಅಂಚು ಸಿಕ್ಕಿಕೊಂಡರೆ ಮೇಲಿಂದ ಕೊಳೆಯ ಗೆರೆಯಂತೆ ಕಾಣುತ್ತದೆ, ಅದಕ್ಕೇ ಈ ಕಟ್ಟಳೆ. ಸಲೋಮಾಳಿಗೆ ಅದು ಬೈಬಲಿನ ಹತ್ತು ಆಜ್ಞೆಗಳ ಜೊತೆಗೆ ಬಂದ ಹನ್ನೊಂದನೆಯದು. ಬಿಷಪ್ಪರ ಹೆಂಡತಿ (ಅವರಲ್ಲಿ ಬಿಷಪ್ಪರೂ ಸಂಸಾರಿಗಳೇ) ಒಮ್ಮೆ ಅಂಚನ್ನು ತಿಳಿಬಣ್ಣದ ಕಡೆಗೆ ಒತ್ತಿದ್ದಕ್ಕೆ ಮುಖ ಮೂತಿ ನೋಡದೆ ಬೈದವಳು ಅವಳು.

ಇಷ್ಟೆಲ್ಲ ಗದ್ದಲದ ಹಿಂದೆ ಒಂದು ನೋವು ಇತ್ತು. ಅದು ಎಮೆರಿಗೂ ಗೊತ್ತಿರಲಿಲ್ಲ.

ಮದುವೆಯಾಗಿ ಬಂದ ಹೊಸದರಲ್ಲಿ, ಅತ್ತೆಯ ಮನೆಯ ಕೌದಿಗೆ ಸಲೋಮಾ ಇಡೀ ದಿನ ಕೂತು ಹೊಲಿದಿದ್ದಳು. ಬೆರಳೆಲ್ಲ ಚುಚ್ಚಿಕೊಂಡು, ಬೆವರಿಕೊಂಡು, ಒಂದು ಉದ್ದನೆಯ ಸಾಲು ಮುಗಿಸಿದ್ದಳು. ಎಲ್ಲರೂ ಹೊರಟ ಮೇಲೆ ಶಾಲು ಮರೆತೆನೆಂದು ವಾಪಸು ಹೋಗಿ ಬಾಗಿಲ ಹತ್ತಿರ ನಿಂತರೆ, ಒಳಗೆ ಅತ್ತೆಯೂ ಎಮೆರಿಯ ಅಕ್ಕ ಡ್ರುಸಿಲ್ಲಾಳೂ ಚೌಕಟ್ಟಿನ ಮೇಲೆ ಬಾಗಿ ಅವಳ ಸಾಲನ್ನೇ ಬಿಚ್ಚುತ್ತಿದ್ದರು. "ಪಾಪ, ಹುಡುಗಿಗೆ ಗೊತ್ತಾಗೋದು ಬೇಡ" ಎಂದು ಅತ್ತೆ ಹೇಳುತ್ತಿದ್ದಳು. ಬೈದಿದ್ದರೆ ಸಲೋಮಾ ಎದುರು ಮಾತಾಡಿ ಮರೆತುಬಿಡುತ್ತಿದ್ದಳೋ ಏನೋ. ಆ 'ಪಾಪ' ಅನ್ನುವ ಮಾತು ಎದೆಗೆ ನಾಟಿಬಿಟ್ಟಿತು. ಶಾಲು ಅಲ್ಲೇ ಬಿಟ್ಟು ಬಂದಳು. ಮುಂದಿನ ವಾರ ಹೆಂಗಸರು ಸೇರಿದಾಗ ನೇರ ಅಡುಗೆಮನೆಗೆ ಹೋಗಿ ಇಸ್ತ್ರಿ ಕಾಯಲಿಟ್ಟಳು. ಆಮೇಲೆ ಒಂದು ದಿನವೂ ಚೌಕಟ್ಟಿನ ಮುಂದೆ ಕೂರಲಿಲ್ಲ. ನಾಲ್ಕು ಗಂಡುಮಕ್ಕಳ ಮದುವೆಯ ಕೌದಿಗಳಲ್ಲಿ ಊರಿನವರೆಲ್ಲರ ಹೊಲಿಗೆ ಇತ್ತು, ಹೆತ್ತ ತಾಯಿಯದೊಂದು ಇರಲಿಲ್ಲ.

ಈಗ ಕೊನೆಯವಳು ಎಲ್ಮಿನಾ. ನವೆಂಬರಿನಲ್ಲಿ ಅವಳ ಮದುವೆ, ಗಾಡಿಚಕ್ರ ಮಾಡುವ ರೇಬರ್ ಮನೆಯ ಹುಡುಗನ ಜೊತೆ. ಅಮ್ಮನ ಬಾಯಿ, ಅಪ್ಪನ ಹಠ ಎರಡೂ ಸೇರಿ ಹುಟ್ಟಿದ್ದ ಹುಡುಗಿ. ಸೇಬು ಕೊಯ್ಯುವಾಗ ಅಮ್ಮನಿಗೆ ಹೇಳಿಬಿಟ್ಟಳು:

"ಅಮ್ಮಾ, ನನ್ನ ಕೌದೀಲಿ ನಿನ್ನ ಹೊಲಿಗೆ ಇರ್ಬೇಕು."

"ಇಸ್ತ್ರಿ ನಂದೇ ಅಲ್ವೇನೇ? ಒಂದೊಂದು ಅಂಚೂ ನಾನೇ ಒತ್ತೋದು."

"ಇಸ್ತ್ರಿ ಕಣ್ಣಿಗೆ ಕಾಣುತ್ತಾ? ರಾತ್ರಿ ಹೊದ್ಕೊಂಡಾಗ ಕೈಗೆ ಸಿಗುತ್ತಾ? ಹೊಲಿಗೆ ಬೇಕು."

"ಹುಚ್ಚುಡುಗಿ. ಡ್ರುಸಿಲ್ಲತ್ತೆ ಹೊಲಿಗೆ ನಡುವೆ ನನ್ನ ಕುಂಬಳಬೀಜ ಹಾಕಿ ನಿನ್ನ ಗಂಡನ ಮನೆಯವರ ಮುಂದೆ ಹಲ್ಲು ಕಿರೀಲಾ?"

"ಕಿರಿ."

"ಆಗಲ್ಲ ಅಂದ್ರೆ ಆಗಲ್ಲ. ಬುಟ್ಟಿ ಹಿಡಿ."

ಎಲ್ಮಿನಾ ಬುಟ್ಟಿ ಹಿಡಿದಳು, ಮಾತಾಡಲಿಲ್ಲ. ಮಗಳು ಮಾತಾಡದೆ ಇದ್ದದ್ದು ಸಲೋಮಾಳಿಗೆ ಇಡೀ ವಾರ ಕೊರೆಯಿತು. ಬೇಡ ಎಂದಿದ್ದು ಬಾಯಿ ಮಾತ್ರ. ಒಳಗೆ ಅವಳಿಗೂ ಆಸೆ ಇತ್ತು, ಮಗಳಿಗಿಂತ ಹೆಚ್ಚೇ ಇತ್ತು. ಆದರೆ ತನ್ನ ಸಾಲನ್ನು ಇನ್ನೊಮ್ಮೆ ಯಾರೋ ಕನಿಕರದಿಂದ ಬಿಚ್ಚುವುದನ್ನು ತಡೆದುಕೊಳ್ಳುವ ಶಕ್ತಿ ಇರಲಿಲ್ಲ.

ಕೌದಿಗೆ ಎಲ್ಮಿನಾ ಆರಿಸಿದ್ದು ದೊಡ್ಡ ನಕ್ಷತ್ರ. ಎಂಟು ತೋಳಿನ ನಕ್ಷತ್ರ. ಒಂದೊಂದು ತೋಳೂ ಶಂಕರಪೋಳಿಯ ಆಕಾರದ ಸಣ್ಣ ತುಂಡುಗಳನ್ನು ಜೋಡಿಸಿ ಮಾಡಿದ್ದು. ಎಂಟೂ ತೋಳಿನ ತುದಿಗಳು ನಡುವೆ ಒಂದೇ ಚುಕ್ಕಿಯಲ್ಲಿ ಬಂದು ಸೇರಬೇಕು. ಸಾಮಾನ್ಯವಾಗಿ ನಡುವಿನ ಎಂಟೂ ತುದಿಗಳಿಗೆ ಒಂದೇ ಬಣ್ಣ ಹಾಕುವುದು ರೂಢಿ. ಎಲ್ಮಿನಾ ಕೇಳಬೇಕಲ್ಲ! ಒಂದು ತೋಳು ಕಡುನೀಲಿ, ಪಕ್ಕದ್ದು ತಿಳಿನೇರಳೆ, ಮತ್ತೆ ಕಡುನೀಲಿ, ಹೀಗೆ ಸುತ್ತಲೂ. ಕಾಲಲ್ಲಿ ತುಳಿಯುವ ಮಷೀನಿನಲ್ಲಿ ಅವಳು ಹೊಲಿಯುತ್ತ ಹೋದಳು, ಅಮ್ಮ ಒತ್ತುತ್ತ ಹೋದಳು. ಒಂದು ಸಾಲಿನ ಅಂಚು ಎಡಕ್ಕೆ, ಮುಂದಿನ ಸಾಲಿನದು ಬಲಕ್ಕೆ, ಎರಡೂ ಕೂಡಿದಾಗ ಬೆರಳಿಗೆ ಬೆರಳು ಹೆಣೆದಂತೆ ಕಚ್ಚಿಕೊಳ್ಳುವ ಹಾಗೆ. ಅಷ್ಟು ಚೆನ್ನಾಗಿ ಅವಳು ಹಿಂದೆ ಯಾರಿಗೂ ಒತ್ತಿಕೊಟ್ಟಿರಲಿಲ್ಲ.

ಕೊನೆಗೆ ಎಂಟೂ ತೋಳು ಸೇರಿದಾಗ ಸಲೋಮಾ ಎಂದಿನಂತೆ ಅಂಚುಗಳನ್ನು ಕಡುಬಣ್ಣದ ಕಡೆಗೆ ಮಲಗಿಸಿದಳು. ನಡುವೆ ಬೆರಳಿಗೆ ಏನೋ ಉಬ್ಬಿದಂತೆ ಸಿಕ್ಕಿತು. "ಬಿಸಿ ಸಾಲ್ದು" ಎಂದು ಇನ್ನೊಂದು ಇಸ್ತ್ರಿ ತಂದು ಮೇಲೆ ಕುಟ್ಟಿದಳು. ಚಪ್ಪಟೆಯಾಯಿತು ಅನ್ನಿಸಿತು. ಇಷ್ಟು ವರ್ಷದ ಕೈಗೆ ತಪ್ಪು ಆಗುತ್ತದೆ ಎಂದು ಅವಳಿಗೆ ಹೊಳೆಯಲೇ ಇಲ್ಲ. ಕೊಬ್ಬು ಅನ್ನಿ, ಅಭ್ಯಾಸ ಅನ್ನಿ, ಎರಡೂ ಒಂದೇ.

ಹೊಲಿಗೆಯ ದಿನ ಬಂದಿತು. ಕುದುರೆಗಳು ಕೊಟ್ಟಿಗೆಯಲ್ಲಿ, ಹೆಂಗಸರು ನಡುಮನೆಯಲ್ಲಿ, ಮಕ್ಕಳು ಚೌಕಟ್ಟಿನ ಕೆಳಗೆ. ಮೇಲ್ಬಟ್ಟೆ, ಹತ್ತಿಯ ಪದರ, ಅಡಿಬಟ್ಟೆ ಮೂರೂ ಸೇರಿಸಿ ಬಿಗಿದು, ಎರಡು ತುದಿಯಿಂದಲೂ ಹೊಲಿಯುತ್ತ, ಮುಗಿದಷ್ಟನ್ನು ಕೋಲಿಗೆ ಸುತ್ತಿಕೊಳ್ಳುತ್ತ, ನಡುವಿಗೆ ಬರುವುದು ಅಲ್ಲಿಯ ಪದ್ಧತಿ. ಡ್ರುಸಿಲ್ಲಾ ಯಥಾಪ್ರಕಾರ ಕಿಟಕಿಯ ಪಕ್ಕದ ಕುರ್ಚಿ ಹಿಡಿದಳು. ಆ ವಯಸ್ಸಿನಲ್ಲೂ ಅವಳ ಹೊಲಿಗೆಗೆ ಸಮನಾದದ್ದು ಆ ಸುತ್ತಿನಲ್ಲಿ ಇರಲಿಲ್ಲ, ಅವಳ ಬಾಯಿಗೂ ಇರಲಿಲ್ಲ.

"ಸಲೋಮಾ, ಊಟಕ್ಕೆ ನೂಡಲ್ ಯಾರು ಮಾಡಿದ್ದು?"

"ಎಲ್ಮಿನಾ ಕಣಕ್ಕ."

"ಹಂಗಾದ್ರೆ ಊಟ ಮಾಡ್ಕೊಂಡೇ ಹೋಗ್ತೀನಿ."

ಮನೆ ನಗೆಯಿಂದ ತುಂಬಿತು. ಸಲೋಮಾಳೂ ನಕ್ಕು ಕಾಫಿ ಬಗ್ಗಿಸಲು ಹೋದಳು. ಮಧ್ಯಾಹ್ನದ ಊಟವಾಗಿ, ಕೌದಿ ಎರಡೂ ಕಡೆಯಿಂದ ಸುತ್ತಿಕೊಂಡು, ನಕ್ಷತ್ರದ ನಡು ಮಾತ್ರ ಉಳಿದಿತ್ತು. ಆಗ ಟಕ್ ಎಂದು ಒಂದು ಸೂಜಿ ಮುರಿಯಿತು. ಯಾರೋ "ಥತ್" ಎಂದು ಇನ್ನೊಂದು ಪೋಣಿಸಿದರು. ಅದೂ ಮುರಿಯಿತು. ಡ್ರುಸಿಲ್ಲಾ ಕನ್ನಡಕ ಏರಿಸಿಕೊಂಡು ಬಾಗಿ, ಹೆಬ್ಬೆರಳಿನಿಂದ ನಕ್ಷತ್ರದ ನಡುವನ್ನು ತಡವಿದಳು.

"ಸಲೋಮಾ! ಇಲ್ಲಿ ಬಾ. ಒಳಗೆ ಏನೇ ಇಟ್ಟು ಹೊಲ್ಸಿದ್ದೀಯ? ಅಂಗಿ ಗುಂಡಿ ಏನಾದ್ರೂ ಬಿದ್ದೋಯ್ತಾ?"

ಸಲೋಮಾ ಬಂದು ಮುಟ್ಟಿ ನೋಡಿದಳು. ಮುಟ್ಟಿದ ಕೂಡಲೇ ಗೊತ್ತಾಯಿತು. ಕಡುನೀಲಿಯ ಪ್ರತಿ ತುದಿಗೂ ಎರಡೂ ಪಕ್ಕದಲ್ಲಿ ತಿಳಿನೇರಳೆ. ಅಂಚುಗಳೆಲ್ಲ ಕಡುಬಣ್ಣದ ಕಡೆಗೇ ಎಂದು ಒತ್ತಿದರೆ, ನೀಲಿಯ ನಾಲ್ಕು ತುದಿಗಳ ಕೆಳಗೆ ಎರಡೂ ಕಡೆಯ ಅಂಚು ಬಂದು ರಾಶಿ ಬಿದ್ದಿವೆ, ನೇರಳೆಯ ಕೆಳಗೆ ಏನೂ ಇಲ್ಲ. ಇಲ್ಲಿ ಬಣ್ಣ ನೋಡಲೇಬಾರದಿತ್ತು. ಎಂಟೂ ಅಂಚುಗಳನ್ನು ಸುತ್ತ ಒಂದೇ ದಿಕ್ಕಿಗೆ, ಬೀಸುವ ಕಲ್ಲು ತಿರುಗುವ ಹಾಗೆ ಮಲಗಿಸಬೇಕಿತ್ತು.

"ಕಡುಬಣ್ಣದ ಕಡೆ" ಎಂದು ಮೂಲೆಯಿಂದ ಯಾರೋ ಮೆಲ್ಲಗೆ ಅಂದರು. ಒಬ್ಬಳು ಕಿಸಕ್ಕೆಂದಳು. ಆಮೇಲೆ ತಡೆಯಲಾಗದೆ ಎಲ್ಲರೂ.

ಸಲೋಮಾಳಿಗೆ ನಗಲಾಗಲಿಲ್ಲ. ಅವಳ ಮುಖ ಸುಟ್ಟ ಹಾಗೆ ಕೆಂಪಾಯಿತು. ತನಗೆ ಬರುವುದು ಇದೊಂದು. ಅದನ್ನೂ ಕೆಡಿಸಿಕೊಂಡದ್ದು ಮಗಳ ಕೌದಿಯಲ್ಲಿ. "ನಂದೇ ತಪ್ಪು. ನಾನೇ ಕುಟ್ಟಿ ಕುಟ್ಟಿ ಇಟ್ಟೆ" ಎಂದಳು. ದನಿ ಒಡೆಯಿತು. ಅದನ್ನು ಕೇಳಿ ನಗುತ್ತಿದ್ದವರು ತಣ್ಣಗಾದರು.

"ಈಗ ಚೌಕಟ್ಟಿಂದ ತೆಗೆಯೋ ಹಂಗಿಲ್ಲ. ಸುತ್ತ ಎಲ್ಲ ಹೊಲ್ದಾಗಿದೆ" ಎಂದಳು ಡ್ರುಸಿಲ್ಲಾ. "ಹಂಗೇ ಬಿಟ್ರೆ ಜನ್ಮಪೂರ್ತಿ ಬೆನ್ನಿಗೆ ಒತ್ತುತ್ತೆ."

ಸಲೋಮಾ ಮೂಗು ಒರೆಸಿಕೊಂಡಳು. ಅಳುತ್ತ ಕೂರುವ ಜಾತಿಯಲ್ಲ ಅವಳು. "ಎಲ್ಮಿನಾ, ಕತ್ತರಿ ಕೊಡು. ಬಿಸ್ಕತ್ತಿನ ಡಬ್ಬಿ ಮುಚ್ಚಳ ತಾ. ಸಣ್ಣ ಇಸ್ತ್ರಿ ಒಲೆ ಮೇಲಿಡು."

ಎಂಟೂ ತೋಳು ಕೂಡುವ ಹೊಲಿಗೆಗಳನ್ನು ನಡುವಿನಿಂದ ಒಂದು ಬೆರಳಿನಷ್ಟು ಉದ್ದಕ್ಕೆ ಬಿಚ್ಚಿದಳು. ತುದಿಗಳು ಹೂವಿನ ಎಸಳಿನಂತೆ ಮೇಲೆದ್ದವು. ಹತ್ತಿ ಸುಡದ ಹಾಗೆ ಎಸಳಿನ ಕೆಳಗೆ ತಗಡಿನ ಮುಚ್ಚಳ ತೂರಿಸಿ, ಒಂದು ಎಸಳಿನ ಒಂದೇ ಪಕ್ಕದ ಅಂಚನ್ನು ಒಳಕ್ಕೆ ಮಡಚಿ, ಇಸ್ತ್ರಿಯ ಮೂಗನ್ನು ಅದರ ಮೇಲಿಟ್ಟು, ಒತ್ತಿ, ಎತ್ತಿದಳು. ಮಡಚಿದ ಅಂಚನ್ನು ಪಕ್ಕದ ಎಸಳಿನ ಮೇಲೆ ಕೂರಿಸಬೇಕು. ಅದರದನ್ನು ಅದರ ಮುಂದಿನದರ ಮೇಲೆ. ನೀಲಿಯ ಅಂಚು ನೇರಳೆಯ ಅಡಿಗೆ ಹೋಗುವಲ್ಲಿ ಅವಳ ಕೈ ನಿಂತಿತು.

"ಗೆರೆ ಕಾಣುತ್ತಲ್ಲೇ" ಎಂದಳು ಮಗಳಿಗೆ.

"ಕಾಣ್ಲಿ ಬಿಡಮ್ಮ. ಒತ್ತು."

ಒತ್ತಿದಳು. ಆದರೆ ಕೈ ತೆಗೆದರೆ ಮಡಿಕೆ ಮತ್ತೆ ಏಳುತ್ತಿತ್ತು. ಡ್ರುಸಿಲ್ಲಾ ಸೂಜಿ ಹಿಡಿದು ಬಂದಳು. ಸಲೋಮಾ ಕೈ ಸರಿಸಿದರೆ ಅಂಚು ಮೇಲೆ, ಸರಿಸದಿದ್ದರೆ ಡ್ರುಸಿಲ್ಲಾಳಿಗೆ ಸೂಜಿ ತೂರಿಸಲು ಜಾಗವಿಲ್ಲ. ಎರಡು ಸಲ ಸಲೋಮಾಳ ಬೆರಳಿಗೇ ಚುಚ್ಚಿದಳು.

"ಅಯ್ಯಯ್ಯೋ, ನನ್ನೂ ಸೇರ್ಸಿ ಹೊಲಿತೀರಾ ಅಕ್ಕ?"

"ಅಡ್ಡ ನಿಂತ್ಕೊಂಡು ನಂಗೆ ಹೇಳ್ತೀಯ. ಒತ್ತಿದ ಕೈಯೇ ಹೊಲಿಬೇಕು, ಬೇರೆ ದಾರಿ ಇಲ್ಲ." ಡ್ರುಸಿಲ್ಲಾ ಸೂಜಿಯನ್ನು ಅವಳ ಬಲಗೈಗೆ ತುರುಕಿದಳು. "ತಗೋ. ಹೊಲಿ."

ಸಲೋಮಾ ಸೂಜಿಯನ್ನು ನೋಡಿದಳು. ಎಲ್ಮಿನಾ ಅಮ್ಮನನ್ನೇ ನೋಡುತ್ತಿದ್ದಳು. ಎಡಗೈ ಬೆರಳ ಕೆಳಗೆ ಬಟ್ಟೆ ಇನ್ನೂ ಬಿಸಿಯಾಗಿತ್ತು, ಕಾಯುವ ಹಾಗಿರಲಿಲ್ಲ. ಹೊಲಿದಳು. ನಾಲಿಗೆ ಕಚ್ಚಿಕೊಂಡು, ಮೂಗಿನಲ್ಲಿ ಉಸಿರು ಬಿಡುತ್ತ, ಒಂದು ಎಸಳು ಮುಗಿಸಿ ಮುಂದಿನದಕ್ಕೆ ಇಸ್ತ್ರಿ ಕೇಳಿದಳು. ಕೊನೆಯ ಎಸಳನ್ನು ಮೊದಲನೆಯದರ ಮೇಲೆ ಕೂರಿಸಿ, ಮೂರು ಪದರಕ್ಕೂ ಸೇರುವ ಹಾಗೆ ಸುತ್ತ ಒಂದು ಸಾಲು ಹಾಕಿ ದಾರ ಕಡಿದಳು. ನಡು ತಟ್ಟೆಯಷ್ಟು ಚಪ್ಪಟೆಯಾಗಿ ಕೂತಿತ್ತು. ಸುತ್ತ ಅವಳ ಹೊಲಿಗೆಗಳು ಬೆಳ್ಳಗೆ ದಪ್ಪದಪ್ಪಗೆ ಕಾಣುತ್ತಿದ್ದವು, ಎಲ್ಲರ ಸಾಸಿವೆಯ ನಟ್ಟನಡುವೆ.

"ಕೂತ್ಕೊಂಡಿತು" ಎಂದಳು ಸಲೋಮಾ. ಆಮೇಲೆ, ನಗುತ್ತ ಹೇಳಬೇಕೆಂದು ಹೊರಟು ನಗಲಾಗದೆ, "ನಾನು ಕಾಫಿ ಇಡ್ತೀನಿ. ಅಷ್ಟರಲ್ಲಿ ನೀವು ಅದನ್ನ ಬಿಚ್ಚಿ ಸರಿಯಾಗಿ ಹೊಲ್ಕೊಳ್ಳಿ ಅಕ್ಕ. ಆವತ್ತೂ ಬಿಚ್ಚಿದ್ರಲ್ಲ, ಅತ್ತೆ ಜೊತೆ" ಎಂದುಬಿಟ್ಟಳು.

ಡ್ರುಸಿಲ್ಲಾ ಕನ್ನಡಕ ತೆಗೆದಳು.

"ನೀನು ನೋಡಿದ್ಯಾ?"

"ಬಾಗಿಲಲ್ಲಿದ್ದೆ."

"ಅದಕ್ಕೇನಾ ಇಷ್ಟು ವರ್ಷ ಆ ಒಲೆ ಮುಂದೆ ಸತ್ತಿದ್ದು ನೀನು?"

ಸಲೋಮಾ ಅಡುಗೆಮನೆಯ ಕಡೆ ಮುಖ ತಿರುಗಿಸಿದಳು. ಕಣ್ಣಲ್ಲಿ ನೀರು ತುಂಬಿತ್ತು.

"ಕತ್ತೆ" ಎಂದಳು ಡ್ರುಸಿಲ್ಲಾ. ಯಾರಿಗೆ ಹೇಳಿದಳೋ, ಸಲೋಮಾಳಿಗೋ ತನಗೋ. ಕನ್ನಡಕ ಒರೆಸಿ ಮತ್ತೆ ಹಾಕಿಕೊಂಡು, ಕುರ್ಚಿಯನ್ನು ಎಳೆದು ನಕ್ಷತ್ರದ ಹತ್ತಿರ ತಂದು ಕೂತಳು. ಎಲ್ಮಿನಾ ಕೌದಿಗೆ ಕೈ ಅಡ್ಡ ಇಟ್ಟಳು.

"ಅತ್ತೆ, ಬಿಚ್ಚಿದ್ರೆ ನಾನು ಸುಮ್ನಿರಲ್ಲ."

"ಕೈ ತೆಗಿಯೇ, ನಿಮ್ಮಮ್ಮನ ಬಾಯಿ ನಿಂಗೆ."

ಡ್ರುಸಿಲ್ಲಾ ಕತ್ತರಿಯನ್ನು ಮುಟ್ಟಲಿಲ್ಲ. ಉದ್ದನೆಯ ದಾರ ಪೋಣಿಸಿ, ಸಲೋಮಾಳ ಸುತ್ತುಸಾಲಿನ ಪಕ್ಕದಲ್ಲೇ ಇನ್ನೊಂದು ಸಾಲು ಶುರು ಮಾಡಿದಳು. ಮೊದಲ ಹೊಲಿಗೆ ನೋಡಿದವರು ಕಣ್ಣು ಅಗಲಿಸಿದರು. ಕುಂಬಳಬೀಜ! ಸಲೋಮಾಳದ್ದು ಎಷ್ಟು ಉದ್ದವೋ ಅಷ್ಟೇ ಉದ್ದ, ಅಷ್ಟೇ ದಪ್ಪ. ಸಣ್ಣ ಹೊಲಿಗೆಯ ಕೈಗೆ ದೊಡ್ಡದು ಹಾಕುವುದು ಎಷ್ಟು ಕಷ್ಟ ಎಂದು ಅಲ್ಲಿ ಕೂತವರಿಗೆಲ್ಲ ಗೊತ್ತು. ಹಣೆ ಗಂಟಿಕ್ಕಿಕೊಂಡು ಸುತ್ತು ಪೂರಾ ಮುಗಿಸಿದಳು.

"ಇನ್ನೇನು ನೋಡ್ತಿದ್ದೀರಾ? ಮುಂದಿನ ಸುತ್ತು ಯಾರಾದ್ರೂ ಹಾಕಿ. ಇದಕ್ಕಿಂತ ಒಂಚೂರು ಚಿಕ್ಕದು. ಅದರ ಮುಂದಿನದು ಇನ್ನೊಂಚೂರು."

ಹೆಂಗಸರು ಒಬ್ಬರ ಮೇಲೊಬ್ಬರು ಬಿದ್ದು ಕುರ್ಚಿ ಎಳೆದರು. ಸುತ್ತಿನ ಹೊರಗೆ ಸುತ್ತು, ಅದರ ಹೊರಗೆ ಇನ್ನೊಂದು. ಕುಂಬಳಬೀಜ ಕರಗಿ ಸೌತೆಬೀಜವಾಯಿತು, ಸೌತೆಬೀಜ ಅಕ್ಕಿಯಾಯಿತು, ಅಕ್ಕಿ ಮೆಲ್ಲಗೆ ಸಾಸಿವೆಯಲ್ಲಿ ಸೇರಿಹೋಯಿತು. ಸಂಜೆ ಎಮೆರಿ ಹಾಲು ಕರೆದು ಒಳಗೆ ಬಂದಾಗ ನಕ್ಷತ್ರ ನಡುವಿನಿಂದ ಅರಳಿದ ಹಾಗೆ ಕಾಣುತ್ತಿತ್ತು. ಸಲೋಮಾಳ ಹೊಲಿಗೆ ಎಲ್ಲಿ ಮುಗಿದು ಊರಿನವರದು ಎಲ್ಲಿ ಶುರುವಾಯಿತೆಂದು ಹೊಲಿದವರಿಗೇ ತಿಳಿಯದಾಗಿತ್ತು.

"ಈಗ ಬಿಚ್ಚೋದಾದ್ರೆ ಇಡೀ ಕೌದಿ ಬಿಚ್ಬೇಕು" ಎಂದಳು ಡ್ರುಸಿಲ್ಲಾ, ಬೆನ್ನು ನೆಟ್ಟಗೆ ಮಾಡುತ್ತ. "ಯಾವಳು ಬಿಚ್ತಾಳೋ ನೋಡ್ತೀನಿ."

ಸಲೋಮಾ ಅತ್ತಳು, ಎಲ್ಲರ ಮುಂದೆ, ಏಪ್ರನ್ನಿನಲ್ಲಿ ಮುಖ ಮುಚ್ಚಿಕೊಂಡು. ಎಲ್ಮಿನಾ ಅವಳ ತೋಳು ಹಿಡಿದು ತಂದು ಚೌಕಟ್ಟಿನ ಮುಂದೆ ಕೂರಿಸಿದಳು. ಕೊನೆಯ ಸುತ್ತಿನಲ್ಲಿ ಇನ್ನೂ ಒಂದು ಗೇಣು ಉಳಿದಿತ್ತು. ಯಾರೋ ಸೂಜಿಗೆ ದಾರ ಪೋಣಿಸಿ ಅವಳ ಕೈಗಿಟ್ಟರು.

"ಕಾಫಿ?" ಎಂದ ಎಮೆರಿ, ಏನೊಂದೂ ಅರ್ಥವಾಗದೆ.

"ನೀವೇ ಕಾಯಿಸ್ಕೊಳ್ಳಿ" ಎಂದಳು ಸಲೋಮಾ. "ನಾನು ಹೊಲಿತಿದ್ದೀನಿ."